ಶಂಖದ್ವೀಪದ ಪತನ, ಗ್ಯಾರೇಜಿನಿಂದ ಕಂಡಂತೆ

ಆಗಸ್ಟ್ 9, ಶನಿವಾರ

ನಾಟಕ ಮುಗಿಯಿತು. ಬರೆಯುವುದು ಮುಗಿಯಿತು ಎಂದರ್ಥ. ಆಡುವುದಕ್ಕೆ ನವೆಂಬರ್ ಎಂಟರ ತನಕ ಕಾಲವಿದೆ.

ಹೆಸರು ‘ಶಂಖದ್ವೀಪದ ಪತನ’. ಪಡುವಣ ಕಡಲಿನಲ್ಲಿ ಒಂದು ಸಣ್ಣ ದ್ವೀಪ. ಅಲ್ಲಿ ಉಪ್ಪು ಮತ್ತು ಜಂಬ ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲ. ಆದರೂ ಅರಬರು, ಗುಜರಾತಿಗಳು, ಮಲಯಾಳದವರು ಎಲ್ಲರೂ ಹಡಗು ತಂದು ಅಲ್ಲೇ ಕಟ್ಟುತ್ತಾರೆ. ಕಾರಣ ಒಂದೇ ಒಂದು ಕಟ್ಟಳೆ: ಆ ಬಂದರಿನಲ್ಲಿ ಯಾರ ಮೂಟೆಯನ್ನೂ ಯಾರೂ ಬಿಚ್ಚುವ ಹಾಗಿಲ್ಲ. ಮೂಟೆಯಲ್ಲಿರುವುದು ಮೆಣಸು ಎಂದರೆ ಮೆಣಸು, ಮಾತು ಮುಗಿಯಿತು. ಆ ನಂಬಿಕೆಯ ಮೇಲೆ ಮೀನುಗಾರನೊಬ್ಬನ ಮೊಮ್ಮಗ ದೊರೆಯಾದ. ಅವನ ಮೊಮ್ಮಗನ ಕಾಲಕ್ಕೆ ಅರಮನೆಗೆ ಚಿನ್ನದ ಕಳಶ ಬಂತು. ಕೊನೆಯ ದೊರೆಗೆ ಮಾತ್ರ ಸಂಶಯ ಹತ್ತಿತು. ಯಾರೋ ದ್ರೋಹಿ ಇದ್ದಾನೆ ಎಂದು ಒಂದು ಮೂಟೆ ಬಿಚ್ಚಿಸಿದ. ಮುಂದಿನ ಮಳೆಗಾಲದ ಹೊತ್ತಿಗೆ ಬಂದರಿನಲ್ಲಿ ಏಡಿಗಳಷ್ಟೇ ಉಳಿದವು.

ದೊರೆಯ ಪಾತ್ರ ನನ್ನದು. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ರಾಣಿ ನನ್ನ ಹೆಂಡತಿ ಕೋಕಿಲಾ. ಮಂತ್ರಿ ಸಂಗಮೇಶ್, ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿರುವ ಧಾರವಾಡದ ಹುಡುಗ. ಕಲಾಭಿಮಾನಕ್ಕಿಂತ ಊಟದ ಅಭಿಮಾನದಿಂದ ಬಂದವನು. ಸುಂಕದ ಅಧಿಕಾರಿ ನಮ್ಮ ಸಂಘದ ವಿಶ್ವಾಸ್. ವರ್ತಕರ ಮುಖಂಡ ನಾವಿಕಸೆಟ್ಟಿಯ ಪಾತ್ರಕ್ಕೆ ನನ್ನ ಗೆಳೆಯ ವೆಂಕಟಗಿರಿ. ನಾವು ಈ ಊರಿಗೆ ಬಂದ ಮೊದಲ ವಾರ ಸೋಫಾದ ಇನ್ನೊಂದು ತುದಿ ಹಿಡಿದವನು ಅವನೇ.

ಡಾಲಸ್, ಹ್ಯೂಸ್ಟನ್, ಆಸ್ಟಿನ್, ಮೂರೂ ಊರಿನ ಕನ್ನಡ ಸಂಘಗಳ ನಾಟಕ ಸ್ಪರ್ಧೆ ಈ ಸಲ ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ. ಗೆದ್ದವರಿಗೆ ಕೊಡುವ ಕಪ್ಪು ಮೂರು ವರ್ಷದಿಂದ ಹ್ಯೂಸ್ಟನ್ ತಂಡದ ತಿರುಮಲನ ಷೋಕೇಸಿನಲ್ಲಿ ಕೂತು ಬೊಜ್ಜು ಬೆಳೆಸಿಕೊಂಡಿದೆ. ಅದನ್ನು ಬಿಡುಗಡೆ ಮಾಡುವುದು ನನ್ನ ಜವಾಬ್ದಾರಿ.

ಸೆಪ್ಟೆಂಬರ್ 6, ಶನಿವಾರ

ಆಸ್ಟಿನ್ ಪಕ್ಕದ ಜಾರ್ಜ್‌ಟೌನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಮೊದಲ ರಿಹರ್ಸಲ್. ಕಾರುಗಳನ್ನು ಬಿಸಿಲಿಗೆ ತಳ್ಳಿ ರಾಜ್ಯ ಸ್ಥಾಪಿಸಿದೆವು. ಫ್ಯಾನು ತಿರುಗಿತು, ಗಾಳಿ ಬರಲಿಲ್ಲ. ಆದರೂ ಏನು ಕಳೆ! ಸಂಗಮೇಶ್ ಮಂಡಿಯೂರಿ “ಪ್ರಭೂ” ಎಂದಾಗ ನಾನು ನಿಜಕ್ಕೂ ಒಂದು ಇಂಚು ಬೆಳೆದೆ. ಆಮೇಲೆ ಅವನು “ಪ್ರಭೂ, ಊಟ ಯಾವಾಗರಿ?” ಅಂದ. ಅರ್ಧ ಇಂಚು ಇಳಿದೆ.

ಕೊನೆಯ ದೃಶ್ಯದ ಬಗ್ಗೆ ವೆಂಕಟಗಿರಿ ಕೊಂಕು ತೆಗೆದ.

“ಸೆಟ್ಟಿ ಹಡಗು ಹತ್ತಿ ಹೋಗ್ತಾನಲ್ಲ, ಹಡಗನ್ನ ಹೆಂಗೋ ತೋರಿಸ್ತೀಯ?”

“ಟೀವಿ ಬಂದ ರಟ್ಟಿನ ಡಬ್ಬ ಇದೆ.”

“ರಟ್ಟಿನ ಹಡಗಾ? ರಾಜ್ಯ ಮುಳುಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು ಬಿಡು.”

ಎಲ್ಲರೂ ನಕ್ಕರು. ನಾನೂ ನಕ್ಕೆ, ದೊರೆಗಳು ನಗುವಷ್ಟು. ನಾಲ್ಕು ಗಂಟೆಗೆಲ್ಲ ಅವನು ಕೀ ತಿರುಗಿಸುತ್ತ ಎದ್ದ. ಹ್ಯೂಸ್ಟನ್‌ಗೆ ಹೋಗಬೇಕಂತೆ. ಏನು ಕೆಲಸ ಎಂದರೆ “ಇದೆ ಒಂದು” ಅಂದ.

ಇರಲಿ.

ಸೆಪ್ಟೆಂಬರ್ 14, ಭಾನುವಾರ

‘ಇರಲಿ’ ಎನ್ನಲಾಗುವುದಿಲ್ಲ. ಹ್ಯೂಸ್ಟನ್ ತಂಡದ ಪೋಸ್ಟರ್ ಇವತ್ತು ಮೂರೂ ಊರಿನ ವಾಟ್ಸ್ಯಾಪ್ ಗ್ರೂಪಿಗೆ ಬಂತು. ‘ನಿರ್ದೇಶನ: ತಿರುಮಲ.’ ನಡುವೆ ದೊಡ್ಡದಾಗಿ ಒಂದು ಹಡಗು.

ಹಡಗು! ಟೆಕ್ಸಸ್‌ನ ಕನ್ನಡಿಗರು ಇಷ್ಟು ವರ್ಷ ವರದಕ್ಷಿಣೆ, ವೀಸಾ, ಅತ್ತೆ ಸೊಸೆ ಬಿಟ್ಟು ಬೇರೆ ವಿಷಯಕ್ಕೆ ಕೈ ಹಾಕಿದವರಲ್ಲ. ನಾನು ಹಡಗು ಬರೆದ ತಿಂಗಳಲ್ಲೇ ಅವರಿಗೂ ಹಡಗು ಹೊಳೆಯಿತೇ?

ಇನ್ನೊಂದು ಸಂಗತಿ. ವೆಂಕಟಗಿರಿ ಈ ಶನಿವಾರವೂ ಹ್ಯೂಸ್ಟನ್‌ಗೆ ಹೋಗಿದ್ದ. ನಾನೇನೂ ಹೇಳುತ್ತಿಲ್ಲ. ಎರಡು ವಾಕ್ಯಗಳನ್ನು ಅಕ್ಕಪಕ್ಕ ಬರೆದಿಟ್ಟಿದ್ದೇನೆ, ಅಷ್ಟೇ.

ಸೆಪ್ಟೆಂಬರ್ 20, ಶನಿವಾರ

ನಾನು ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಭದ್ರತೆ. ನಮ್ಮ ವೃತ್ತಿಯ ಮೊದಲ ಪಾಠ: ಯಾರಿಗೂ ಅವರ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ತಿಳಿದಿರಬಾರದು. ಶಂಖದ್ವೀಪಕ್ಕೂ ಅದೇ ಶಾಸನ ಜಾರಿಗೆ ತಂದೆ.

ಒಂದು: ಗ್ಯಾರೇಜಿಗೆ ಕಾಲಿಡುವ ಮೊದಲು ಎಲ್ಲರ ಫೋನೂ ಹಾಕಿನ್ಸ್ ಕುಕ್ಕರಿನೊಳಗೆ. ಮುಚ್ಚಳ ಭದ್ರ. ಎರಡು: ಪೂರ್ತಿ ನಾಟಕದ ಪ್ರತಿಗಳೆಲ್ಲ ವಾಪಸ್. ಇನ್ನು ಮೇಲೆ ಅವರವರಿಗೆ ಅವರವರ ಮಾತು ಮಾತ್ರ.

“ಅಂಕಲ್, ನನ್ನ ಮಾತಿನ ಮುಂಚೆ ಯಾರು ಏನಂತಾರ ಅಂತ ಗೊತ್ತಿಲ್ದ ನಾ ಸಿಟ್ಟು ಮಾಡ್ಲೋ, ಅಳ್ಲೋ?” ಎಂದ ಸಂಗಮೇಶ್.

“ಎರಡಕ್ಕೂ ಸಿದ್ಧವಾಗಿರು,” ಎಂದೆ.

ಕೋಕಿಲಾ ಕುಕ್ಕರ್ ಎಲ್ಲಿ ಎಂದು ಹುಡುಕಿ ಗ್ಯಾರೇಜಿಗೆ ಬಂದಳು. ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ ಒಳಗೆ ಹೋದಳು. ಬೇಳೆ ಬೇಯಿಸದೆ ತಂಬುಳಿ ಮಾಡಿದಳು. ಅದು ಟೀಕೆಯೋ ಅಡುಗೆಯೋ ತಿಳಿಯದು.

ಸೆಪ್ಟೆಂಬರ್ 27, ಶನಿವಾರ

ಇವತ್ತಿನ ಯೋಜನೆಗೆ ನನ್ನ ಕಚೇರಿಯಲ್ಲಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು.

ಮಾಹಿತಿ ಸೋರುತ್ತಿದೆ, ಎಲ್ಲಿಂದ ಗೊತ್ತಿಲ್ಲ ಎಂದಾಗ ನಾವು ಒಬ್ಬೊಬ್ಬರಿಗೆ ಒಂದೊಂದು ಬಗೆಯ ಸುಳ್ಳು ಕೊಡುತ್ತೇವೆ. ಯಾವ ಸುಳ್ಳು ಹೊರಗೆ ಬಂತೋ ಅದನ್ನು ಪಡೆದವನೇ ಕಳ್ಳ. ಕೊನೆಯ ದರ್ಬಾರಿನ ದೃಶ್ಯ ಬದಲಾಗಿದೆ ಎಂದು ಎಲ್ಲರಿಗೂ ಹೊಸ ಹಾಳೆ ಹಂಚಿದೆ. ಅಲ್ಲಿ ದ್ರೋಹಿಯ ಹೆಸರು ಬಯಲಾಗುತ್ತದಲ್ಲ? ರಾಣಿಗೆ ಕೊಟ್ಟ ಪ್ರತಿಯಲ್ಲಿ ದ್ರೋಹಿ ಮಂತ್ರಿ. ಮಂತ್ರಿಯ ಪ್ರತಿಯಲ್ಲಿ ಸುಂಕದ ಅಧಿಕಾರಿ. ಸುಂಕದವನದರಲ್ಲಿ ರಾಣಿ. ನಾವಿಕಸೆಟ್ಟಿಯ ಪ್ರತಿಯಲ್ಲಿ ಸ್ವತಃ ಸೆಟ್ಟಿಯೇ ತಪ್ಪೊಪ್ಪಿಕೊಂಡು ಕಾಲಿಗೆ ಬೀಳುತ್ತಾನೆ. ಹ್ಯೂಸ್ಟನ್ ನಾಟಕದಲ್ಲಿ ಯಾವ ದ್ರೋಹಿ ಕಾಣಿಸುತ್ತಾನೋ ನೋಡೋಣ. ಸರಿಯಾದ ಪ್ರತಿಯನ್ನು ರೆಕಾರ್ಡಿಂಗ್ ಹೊತ್ತಿಗೆ ಕೊಟ್ಟರಾಯಿತು.

ವೆಂಕಟಗಿರಿ ತನ್ನ ಹಾಳೆಯನ್ನು ಎರಡು ಸಲ ಓದಿದ.

“ಹಯಗ್ರೀವ, ಇದರಲ್ಲಿ ನಾನೇ ದ್ರೋಹಿ ಅಂತ ಇದೆ.”

“ಹ್ಞೂಂ.”

“ಎಲ್ಲರ ಪ್ರತೀಲೂ ಹಾಗೇ ಇದೆಯಾ?”

“ಹೌದು,” ಎಂದೆ. ಭದ್ರತೆಯ ಕೆಲಸದಲ್ಲಿ ಇದನ್ನು ಸುಳ್ಳು ಎನ್ನುವುದಿಲ್ಲ.

ಅವನು ಹಾಳೆ ಮಡಿಸಿ ಜೇಬಿಗಿಟ್ಟು ಹ್ಯೂಸ್ಟನ್‌ಗೆ ಹೊರಟ.

ಅಕ್ಟೋಬರ್ 4, ಶನಿವಾರ

ರಿಹರ್ಸಲ್‌ಗೆ ಬಂದವರು ಇಬ್ಬರು. ಅವರಲ್ಲಿ ಒಬ್ಬಳು ಈ ಮನೆಯಲ್ಲೇ ಇರುವವಳು.

ಅಕ್ಟೋಬರ್ 11, ಶನಿವಾರ

ರೆಕಾರ್ಡಿಂಗ್. ನಮ್ಮ ಸಂಘಗಳ ನಾಟಕಗಳಲ್ಲಿ ಮಾತನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿ, ವೇದಿಕೆಯ ಮೇಲೆ ಬರೀ ತುಟಿ ಆಡಿಸುವುದು ಪದ್ಧತಿ. ಬಾಡಿಗೆ ಸಭಾಂಗಣದ ಮೈಕುಗಳಿಗೆ ಕನ್ನಡ ಹಿಡಿಸುವುದಿಲ್ಲ. ಮಲಗುವ ಕೋಣೆಯ ಬಟ್ಟೆ ಕ್ಲಾಸೆಟ್ಟೇ ಸ್ಟುಡಿಯೋ. ಕೋಕಿಲಾಳ ಸೀರೆಗಳ ನಡುವೆ ನಿಂತು ಮಾತಾಡಿದರೆ ಪ್ರತಿಧ್ವನಿ ಬರುವುದಿಲ್ಲ, ನ್ಯಾಫ್ತಲಿನ್ ವಾಸನೆ ಬರುತ್ತದೆ.

ಒಬ್ಬೊಬ್ಬರನ್ನೇ ಒಳಗೆ ಕಳಿಸಿದೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಕೂಡದು. ಧ್ವನಿ ಜೋಡಿಸುವವಳು ಮಗಳು ಮಹತಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಗುಟ್ಟು ಕಾಯಲು ಇದಕ್ಕಿಂತ ಯೋಗ್ಯರು ಯಾರು? ಆದರೂ ಕೇಳಿಸಿಕೊಳ್ಳದೆ ನಂಬರ್ ಪ್ರಕಾರ ಜೋಡಿಸಬೇಕು ಎಂದು ಕಟ್ಟಪ್ಪಣೆ ಮಾಡಿದೆ.

ಅವಳು ಕೇಳಿಸಿಕೊಂಡಿದ್ದಾಳೆ. “ಅಪ್ಪಾ, ವೇಟ್. ಹೂ ಈಸ್ ದ ಬ್ಯಾಡ್ ಗೈ? ಲೈಕ್, ಆ್ಯಕ್ಚುವಲಿ?”

“ಅದು ರಾಜರಹಸ್ಯ.”

“ಬಟ್ ಅಪ್ಪಾ, ದೇ ಆಲ್ ಸೇ...”

“ಮಹತಿ! ನಂಬರ್ ಪ್ರಕಾರ!”

ಅವಳು ಕಣ್ಣು ಗುಡ್ಡೆ ಮೇಲೆ ಮಾಡಿ ಹೆಡ್‌ಫೋನ್ ಹಾಕಿಕೊಂಡಳು. ನನ್ನ ಭಾಷಣಗಳನ್ನು ಮಾತ್ರ ಮತ್ತೆ ಮತ್ತೆ ಕೇಳಿ ಪರೀಕ್ಷಿಸಿದೆ. “ಹೋಗು! ನನಗೆ ಯಾರೂ ಬೇಡ!” ಎಂಬಲ್ಲಿ ರೋಮಾಂಚನವಾಗುತ್ತದೆ.

ವೆಂಕಟಗಿರಿ ಬರಲಿಲ್ಲ. ಎಲ್ಲಿಗೆ ಹೋಗಿದ್ದ ಎಂದು ಬರೆಯುವ ಅಗತ್ಯವಿಲ್ಲ.

ಅಕ್ಟೋಬರ್ 18, ಶನಿವಾರ

ಇವತ್ತು ಬಂದ. ಬಿಸಿಲಲ್ಲಿ ಮನೆ ಮುಂದಿನ ಡ್ರೈವ್‌ವೇ ಮೇಲೆ ಅವನ ಕಾರು, ಗ್ಯಾರೇಜಿನ ಬಟ್ಟೆ ಒಣಗಿಸುವ ಡ್ರೈಯರ್ ಮೇಲೆ ಅವನ ಕೀ. ಅವನು ಒಳಗೆ ಕೋಕಿಲಾಳ ಹತ್ತಿರ ಕಾಫಿ ಕುಡಿಯುತ್ತಿದ್ದ. ಸಂಗತಿಗಳನ್ನು ಇದ್ದಂತೆ ದಾಖಲಿಸುತ್ತೇನೆ.

ನಾನು ಡಿಕ್ಕಿ ತೆರೆದೆ. ಒಳಗೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ದೊಡ್ಡ ಮೂಟೆ, ಹಗ್ಗ ಬಿಗಿದು ಮೂರು ಕಡೆ ಗಂಟು. ಮೊದಲ ಎರಡು ಗಂಟು ಸುಲಭವಾಗಿ ಬಿಚ್ಚಿದವು. ಮೂರನೆಯದಕ್ಕೆ ಹಲ್ಲು ಹಚ್ಚಿದ್ದೆ.

“ಏನು ಹುಡುಕ್ತಿದ್ದೀಯೋ?”

ಹಿಂದೆ ವೆಂಕಟಗಿರಿ, ಕೈಯಲ್ಲಿ ಕಾಫಿ ಲೋಟ.

“ನೀರಿನ ಬಾಟ್ಲಿ.”

“ಅದು ನಿನ್ನ ಫ್ರಿಜ್ಜಲ್ಲಿದೆ.”

ನನ್ನ ಬಾಯಲ್ಲಿ ಇನ್ನೂ ಹಗ್ಗದ ಎಳೆ ಇತ್ತು. ದೊರೆಗಳು ಉಗುಳುವಂತಿಲ್ಲ, ಎರಡು ಬೆರಳಿನಿಂದ ತೆಗೆದೆ.

“ಅರ್ಧ ಬಿಚ್ಚಿದೀಯಲ್ಲ, ಪೂರ್ತಿ ಬಿಚ್ಚು ಮಹಾರಾಜ,” ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು.

ಬಿಚ್ಚಿದೆ. ಹಾಯಿ. ಹಡಗಿನ ಹಾಯಿ. ಹಳೆಯ ಸೀರೆಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿದದ್ದು. ನಡುವೆ ಬಿಳಿ ಬಟ್ಟೆಯ ಶಂಖ. ಗ್ಯಾರೇಜಿನ ಅಗಲಕ್ಕೂ ಮೀರಿ ಹರಡಿತು.

“ಹ್ಯೂಸ್ಟನ್‌ನಲ್ಲಿ ವಿಜಯಮ್ಮ ಅಂತ ಇದಾರೆ, ಮಗಳ ಮನೇಲಿ. ಹೊಲಿಗೆ ಮೆಷಿನ್ ಇದೆ, ಕೈ ಚೆನ್ನಾಗಿದೆ. ಇಷ್ಟು ದೊಡ್ಡ ಬಟ್ಟೆ ಒಬ್ಬರೇ ಹಿಡಿದು ಹೊಲಿಯೋಕಾಗಲ್ಲ. ನಾನು ಶನಿವಾರ ಶನಿವಾರ ಹೋಗಿ ಆ ಕಡೆ ತುದಿ ಹಿಡ್ಕೊಂಡು ಕೂರ್ತಿದ್ದೆ. ರಟ್ಟಿನ ಹಡಗು ಬೇಡ ಅಂತ.”

ಹಾಯಿಯನ್ನು ತಾನೇ ಮಡಿಸಿದ. ಒಂದು ತುದಿ ಹಿಡಿಯಲು ನಾನು ಕೈ ಚಾಚಿದೆ, ಕೊಡಲಿಲ್ಲ. ಗ್ಯಾರೇಜಿನ ಮೂಲೆಗಿಟ್ಟ. ಕುಕ್ಕರಿನಿಂದ ಫೋನು ತೆಗೆದುಕೊಂಡ.

“ನಾನಿನ್ನು ಬರಲ್ಲ ಕಣೋ. ಹಾಯಿ ಇಟ್ಕೋ.”

ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಹೊಲಿಸಲು ಹ್ಯೂಸ್ಟನ್ನೇ ಏಕೆ ಬೇಕಿತ್ತು?

ಅಕ್ಟೋಬರ್ 19, ಭಾನುವಾರ

ಏನೂ ಬರೆಯುವಂಥದಿಲ್ಲ.

ಸೋಫಾವನ್ನು ಗೋಡೆಯ ಕಡೆ ಸರಿಸಬೇಕಿತ್ತು. ಒಬ್ಬರಿಂದ ಆಗುವುದಿಲ್ಲ.

ಅಕ್ಟೋಬರ್ 25, ಶನಿವಾರ

ವೆಂಕಟಗಿರಿ ತನ್ನ ಮಾತುಗಳನ್ನು ತಾನೇ ರೆಕಾರ್ಡ್ ಮಾಡಿ ಮಹತಿಯ ಫೋನಿಗೆ ಕಳಿಸಿದ್ದಾನೆ. ನನಗಲ್ಲ. “ಡು ಯು ವಾಂಟ್ ಟು ಹಿಯರ್ ಇಟ್?” ಎಂದಳು. ಬೇಡ, ನಂಬರ್ ಪ್ರಕಾರ ಜೋಡಿಸು ಎಂದೆ.

ಸೆಟ್ಟಿಯ ಸಮಸ್ಯೆಗೆ ನಿರ್ದೇಶಕನಾಗಿ ಪರಿಹಾರ ಕಂಡುಹಿಡಿದಿದ್ದೇನೆ: ಅವನು ಹಡಗಿನೊಳಗಿಂದ ಮಾತಾಡುತ್ತಾನೆ. ಧ್ವನಿ ಇದ್ದರೆ ಸಾಕು, ಮನುಷ್ಯ ಕಾಣಿಸಬೇಕೆಂದಿಲ್ಲ. ಸಂಗಮೇಶ್ ಪಕ್ಕದಿಂದ ಹಗ್ಗ ಎಳೆದರೆ ಹಾಯಿ ಏರುತ್ತದೆ.

ನವೆಂಬರ್ 7, ಶುಕ್ರವಾರ

ನಾಳೆ ಬೆಳಿಗ್ಗೆ ಹೊರಡಬೇಕು. ಕಿರೀಟಕ್ಕೆ ಅಂಟು ಹಾಕಿಸುತ್ತ ಕೋಕಿಲಾಳಿಗೆ ಹೇಳಿದೆ, ನಾಳೆ ಹ್ಯೂಸ್ಟನ್ ನಾಟಕ ನೋಡಿದರೆ ಕಥೆ ಕದ್ದವರಾರು ಎಂದು ತಿಳಿಯುತ್ತದೆ ಎಂದು.

“ರೀ, ಯುಗಾದಿ ಊಟದಲ್ಲಿ ಹೋಳಿಗೆ ಬಡಿಸ್ತಾ ನಿಂತ್ಕೊಂಡು ತಿರುಮಲಂಗೆ ದ್ವೀಪದ ಕಥೆ ಪೂರ್ತಿ ಹೇಳಿದ್ರಲ್ಲ ನೀವು? ಪಾಪ, ಅವರ ಎಲೆಯಿಂದ ಸಾರು ಹರಿದು ಹೋಗ್ತಿತ್ತು, ನೀವು ಬಿಡ್ಲಿಲ್ಲ.”

ಇದನ್ನು ಪರಿಶೀಲಿಸಬೇಕು. ಹೋಳಿಗೆ ಹಂಚುವ ಸಾಲಿಗೆ ನನ್ನನ್ನು ನಿಲ್ಲಿಸಿದವರಾರು?

ಸರಿಯಾದ ದ್ರೋಹಿಯ ಪ್ರತಿಯನ್ನು ರೆಕಾರ್ಡಿಂಗಿಗೆ ಮೊದಲು ಕೊಟ್ಟೆನೇ? ಕೊಟ್ಟಿರಬೇಕು. ನಾನು ಅಂಥದ್ದನ್ನು ಮರೆಯುವವನಲ್ಲ.

ನವೆಂಬರ್ 9, ಭಾನುವಾರ

ಕೊಟ್ಟಿರಲಿಲ್ಲ.

ಮೊದಲು ಹ್ಯೂಸ್ಟನ್. ಪರದೆ ಸರಿಯಿತು, ಹಡಗು ಇತ್ತು. ಗ್ಯಾಲ್ವೆಸ್ಟನ್ ಬಂದರಿನಿಂದ ವಿಹಾರಕ್ಕೆ ಹೊರಡುವ ಕ್ರೂಸ್ ಹಡಗು. ಅದರ ಮೇಲೆ ಇಬ್ಬರು ಬೀಗರು, ಒಂದು ಡಬ್ಬಿ ಉಪ್ಪಿನಕಾಯಿ ಮತ್ತು ವಾಂತಿ. ಹಾಸ್ಯ ನಾಟಕ. ದ್ವೀಪವೂ ಇಲ್ಲ, ದೊರೆಯೂ ಇಲ್ಲ, ದ್ರೋಹಿಯಂತೂ ಇಲ್ಲವೇ ಇಲ್ಲ. ನನ್ನ ಕಥೆಯ ಒಂದು ಅಕ್ಷರವನ್ನೂ ಯಾರೂ ಮುಟ್ಟಿರಲಿಲ್ಲ. ಅದೇಕೋ ಸ್ವಲ್ಪ ಅವಮಾನವೂ ಆಯಿತು.

ಆಮೇಲೆ ನಾವು. ಮೊದಲ ಮೂರು ದೃಶ್ಯ ಗಂಭೀರವಾಗಿ ಸಾಗಿದವು. ದರ್ಬಾರು ಬಂತು. ನಾನು ಸಿಂಹಾಸನದಿಂದ ಎದ್ದು ಕೇಳಿದೆ, ಅಂದರೆ ಸ್ಪೀಕರಿನಲ್ಲಿ ನನ್ನ ಧ್ವನಿ ಕೇಳಿತು: “ಯಾರು ಆ ದ್ರೋಹಿ?”

ರಾಣಿಯ ಧ್ವನಿ: “ಈ ಮಂತ್ರಿಯೇ, ಸ್ವಾಮಿ!”

ಮಂತ್ರಿ ಬೆಚ್ಚಿದ. ಅವನ ಧ್ವನಿ ಮಾತ್ರ ಬೆಚ್ಚಲಿಲ್ಲ: “ಸುಂಕದ ಅಧಿಕಾರಿಯೇ ದ್ರೋಹಿ ಪ್ರಭೂ, ನಾನೇ ಕಣ್ಣಾರೆ ಕಂಡೆ!”

ಸುಂಕದ ಅಧಿಕಾರಿ: “ಮಹಾರಾಣಿಯೇ ದ್ರೋಹಿ! ನನ್ನ ಬಳಿ ಸಾಕ್ಷಿಯಿದೆ!”

ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜ “ಅಬ್ಬಬ್ಬಾ” ಅಂದ. ಆಮೇಲೆ ನಗೆ ಶುರುವಾಯಿತು, ನೋಡಿ, ಕುರ್ಚಿಗಳು ಅಲ್ಲಾಡಿದವು. ಟೇಪು ನಿಲ್ಲುವಂತಿಲ್ಲ. “ನಾನು ಮೊದಲೇ ಸಂಶಯ ಪಟ್ಟಿದ್ದೆ!” ಎಂದು ನನ್ನ ಧ್ವನಿ ಗುಡುಗಿತು. ಇನ್ನಷ್ಟು ನಗು. ಕೋಕಿಲಾ ವಿಶ್ವಾಸನನ್ನು ದಿಟ್ಟಿಸಿದಳು, ವಿಶ್ವಾಸ್ ಸಂಗಮೇಶನನ್ನು, ಸಂಗಮೇಶ್ ಕೋಕಿಲಾಳನ್ನು. ಆಮೇಲೆ ಮೂವರೂ ಒಟ್ಟಿಗೆ ನನ್ನನ್ನು. ಅಷ್ಟು ಸಹಜ ಅಭಿನಯ ನನ್ನ ತಂಡದಿಂದ ಅದುವರೆಗೆ ಬಂದಿರಲಿಲ್ಲ.

ಆ ಗದ್ದಲದ ನಡುವೆ ನಾವಿಕಸೆಟ್ಟಿಯ ಧ್ವನಿ ಬಂತು. ಅವನು ತಪ್ಪೊಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಳ್ಳಲಿಲ್ಲ. ನಾನು ಬರೆಯದ ಮಾತು, ಬಹಳ ನಿಧಾನವಾಗಿ:

“ಇಲ್ಲಿ ದ್ರೋಹಿ ಯಾರೂ ಇಲ್ಲ, ದೊರೆ. ಇರಲೇ ಇಲ್ಲ. ನೀನು ಮೂಟೆ ಬಿಚ್ಚಿದೆ, ಅದಕ್ಕೆ ಹೊರಟಿದ್ದೇವೆ. ಬಿಚ್ಚದೆ ಇದ್ದಿದ್ದರೆ ಇಲ್ಲೇ ಇರುತ್ತಿದ್ದೆವು.”

ನಗು ನಿಂತಿತು. ಒಂದು ಮಗು ಮಾತ್ರ ಚಿಪ್ಸ್ ಚೀಲ ಪರಪರ ಅನ್ನಿಸುತ್ತಿತ್ತು.

ಆಗ ಹಾಯಿ ಏರಬೇಕು. ಹಗ್ಗ ಎಳೆಯಬೇಕಾದ ಸಂಗಮೇಶ್ ದಿಗಿಲಿನಲ್ಲಿ ವೇದಿಕೆಯ ನಡುವೆಯೇ ಉಳಿದಿದ್ದ. ಏರುವುದಿಲ್ಲ ಎಂದುಕೊಂಡೆ. ಏರಿತು. ಸೀರೆ ಸೀರೆಯಾಗಿ, ಬಿಳಿಯ ಶಂಖದ ಸಮೇತ. ಪಕ್ಕಕ್ಕೆ ನೋಡಿದರೆ ಪರದೆಯ ಮರೆಯಲ್ಲಿ ಹಗ್ಗ ಹಿಡಿದು ನಿಂತಿದ್ದವನು ವೆಂಕಟಗಿರಿ. ಮಾಮೂಲಿ ಅಂಗಿಯಲ್ಲಿದ್ದ, ಪ್ರೇಕ್ಷಕರ ಸಾಲಿನಿಂದ ಎದ್ದು ಬಂದಿರಬೇಕು. ಹಾಯಿ ಭಾರ, ಅವನ ಕತ್ತಿನ ನರ ಉಬ್ಬಿತ್ತು.

ಅಷ್ಟರಲ್ಲಿ ಸ್ಪೀಕರಿನಲ್ಲಿ ನನ್ನ ಧ್ವನಿ: “ಹೋಗು! ನನಗೆ ಯಾರೂ ಬೇಡ!”

ತುಟಿ ಆಡಿಸಬೇಕಿತ್ತು. ಆಡಲಿಲ್ಲ. ಸಭಾಂಗಣದ ಎ.ಸಿ. ವಿಪರೀತ, ತುಟಿ ಮರಗಟ್ಟಿರಬೇಕು. ಧ್ವನಿ ತನ್ನ ಪಾಡಿಗೆ ತಾನು ಕೂಗಿತು, ನಾನು ಬಾಯಿ ಮುಚ್ಚಿಕೊಂಡು ಆ ಕಡೆ ಹೋಗಿ ಹಗ್ಗದ ಬಾಲ ಹಿಡಿದೆ. ನಾಟಕದಲ್ಲಿ ಅದು ಇರಲಿಲ್ಲ. ಪರದೆ ಬಿತ್ತು.

‘ಅತ್ಯುತ್ತಮ ಹಾಸ್ಯ ನಾಟಕ’ ಕಪ್ಪು ಆಸ್ಟಿನ್‌ಗೆ. ಕೊನೆಯ ದೃಶ್ಯದಲ್ಲಿ ದೊರೆಯ ತುಟಿ ಹೊಂದಲಿಲ್ಲ ಎಂದು ಅಂಕ ಕಳೆದರಂತೆ, ಆದರೂ ನಮಗೇ. ತಿರುಮಲ ಕೈ ಕುಲುಕಿದ, ಕಣ್ಣು ಕಿರಿದು ಮಾಡಿಕೊಂಡು. “ನೀವು ದುರಂತ ನಾಟಕ ಅಂದಿದ್ರಲ್ಲ ಹಯಗ್ರೀವ? ನಮ್ಮದು ಹಾಸ್ಯ ಅಂತ ನಿಮಗೆ ಯಾರು ಹೇಳಿದ್ದು?” ಅವನ ಮುಖ ನೋಡಿ ಅಯ್ಯೋ ಪಾಪ ಎನಿಸಿತು. ಮನುಷ್ಯನಿಗೆ ಇಷ್ಟೊಂದು ಸಂಶಯ ಒಳ್ಳೆಯದಲ್ಲ.

ಬಿಸಿಬೇಳೆ ಬಾತಿನ ಸಾಲಿನಲ್ಲಿ ವೆಂಕಟಗಿರಿ ನನ್ನ ಮುಂದೆ ನಿಂತಿದ್ದ.

“ಹಾಯಿಗೆ ಗಂಟು ನೀನು ಹಾಕಿದ್ದಾ?” ಎಂದು ತಿರುಗಿ ಕೇಳಿದ.

“ಹ್ಞೂಂ.”

“ಅದಕ್ಕೇ ಬಿಚ್ಚಕ್ಕೇ ಆಗ್ಲಿಲ್ಲ, ಕತ್ತರಿಸ್ಬೇಕಾಯ್ತು. ಬಿಚ್ಚೋದೂ ಬರಲ್ಲ, ಹಾಕೋದೂ ಬರಲ್ಲ.”

ಇನ್ನೂ ಏನೋ ಹೇಳಬೇಕೆಂದಿದ್ದೆ. ಸಾಲು ಮುಂದೆ ಹೋಯಿತು. ಬೂಂದಿಯನ್ನು ಅವನ ತಟ್ಟೆಗೆ ಮೊದಲು ಹಾಕಿಸಿದೆ.

ನವೆಂಬರ್ 16, ಭಾನುವಾರ

ಕುಕ್ಕರ್ ಅಡುಗೆಮನೆಗೆ ಮರಳಿದೆ. ತಿಂಗಳುಗಳ ಮೇಲೆ ಇವತ್ತು ಬೇಳೆ ಬೆಂದ ಹುಳಿ.

ಮಧ್ಯಾಹ್ನ ವೆಂಕಟಗಿರಿ ಬಂದ. ಸೋಫಾದ ಒಂದು ತುದಿ ಅವನು, ಒಂದು ತುದಿ ನಾನು, ಗೋಡೆಗೆ ಸರಿಸಿದೆವು. ಹೋಗುವಾಗ ಡಿಕ್ಕಿಯಿಂದ ಒಂದು ಮೂಟೆ ಇಳಿಸಿದ. ಹಾಯಿಯಲ್ಲ, ಬೇರೆ. ಬೆಡ್‌ಶೀಟು ಮಾತ್ರ ಅದೇ.

“ಎರಡು ವಾರ ನಿನ್ನ ಗ್ಯಾರೇಜಲ್ಲಿ ಇರಲಿ. ನಮ್ಮನೇಲಿ ಜಾಗ ಇಲ್ಲ.”

“ಇರಲಿ,” ಎಂದೆ.

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ನಾನು ಗ್ಯಾರೇಜಿನ ಫ್ಯಾನು ನೋಡಿದೆ. ಹೊರಟುಹೋದ.

ಈಗ ಅದು ಡ್ರೈಯರ್ ಪಕ್ಕದಲ್ಲಿದೆ. ಇಂಗಿನ ವಾಸನೆ ಬರುತ್ತಿದೆ. ಇಂಗಿರಲಾರದು, ಇಷ್ಟು ದೊಡ್ಡ ಮೂಟೆ ಇಂಗು ಯಾರಿಗೆ ಬೇಕು? ಮಹತಿ ಬಂದು “ವಾಟ್ಸ್ ಇನ್ ಇಟ್, ಅಪ್ಪಾ?” ಎಂದು ಕೇಳಿದಳು. ಮೆಣಸು ಎಂದೆ.

ಸಂಜೆ ನೋಡಿದಾಗ ಅದು ಒಂದು ಕಡೆ ವಾಲಿತ್ತು. ನೆಟ್ಟಗೆ ನಿಲ್ಲಿಸಿದೆ. ಮುಟ್ಟಿದ್ದು ಅಷ್ಟಕ್ಕೇ.